ಹಳೇ ವಿಟೆಕ್ ಕೊಳ್ಳೋಕೆ ಹೋಗುವಾಗ ಜೇಬಲ್ಲೊಂದು ಮ್ಯಾಗ್ನೆಟ್ ಇರಲಿ

ಕ್ಯಾಂಪಸ್ಸಿಗೆ ಬಂದಾಗೆಲ್ಲ ನನ್ನ ಕಾರಿನ ಸುತ್ತ ಮೂರ್ನಾಲ್ಕು ಹುಡುಗರು ನಿಂತಿರ್ತಾರೆ. ಕೇಳೋ ಪ್ರಶ್ನೆ ಎರಡೇ. "ಸಾರ್, ಎಷ್ಟಕ್ಕೆ ಸಿಕ್ತು?", "ಸಾರ್, ವಿಟೆಕ್ ಇನ್ನೂ ಕೆಲಸ ಮಾಡುತ್ತಾ?" ಇವಕ್ಕೆ ಪಾರ್ಕಿಂಗ್‌ನಲ್ಲಿ ನಿಂತು ಉತ್ತರ ಹೇಳೋಕಾಗಲ್ಲ. ಕ್ಲಬ್‌ನವರು "ಬರೆದೇ ಕೊಡಿ" ಅಂದ್ರು, ಸರಿ ಅಂದೆ. ನಾನೂ ಇದೇ ಕಾಲೇಜಿನ ಮೆಕ್ಯಾನಿಕಲ್‌ನವನು, 2004ರಲ್ಲಿ ಹೊರಬಿದ್ದವನು. ನಿಮ್ಮಲ್ಲಿ ಬಹಳಷ್ಟು ಜನ ನನ್ನ ಕಾರಿಗಿಂತ ಚಿಕ್ಕವರು.

ಕಾರು ಯಾವುದು ಅಂತ ಗೊತ್ತಿಲ್ಲದವರಿಗೆ: ಮೊದಲ ತಲೆಮಾರಿನ ಹೋಂಡಾ ಸಿಟಿ, 1.5 ವಿಟೆಕ್. ಹೋಂಡಾ ಸಿಯೆಲ್ ಕಂಪನಿ ನಮ್ಮ ದೇಶದಲ್ಲಿ ಸಿಟಿ ಮಾರೋಕೆ ಶುರು ಮಾಡಿದ್ದು 1998ರಲ್ಲಿ. ಅದಾಗಿ ಎರಡು ಮೂರು ವರ್ಷದೊಳಗೆ ವಿಟೆಕ್ ಬಂತು. 1493 ಸಿಸಿ, ನಾಲ್ಕು ಸಿಲಿಂಡರ್, ಒಂದೇ ಕ್ಯಾಮ್‌ಶಾಫ್ಟ್, 16 ವಾಲ್ವ್, 106 ಬಿಎಚ್‌ಪಿ. ಕಾರಿನ ತೂಕ ಸುಮಾರು ಒಂದು ಟನ್. ಆಗ ನಮ್ಮೂರ ರಸ್ತೆ ತುಂಬ ಮಾರುತಿ 800, ಅಂಬಾಸಿಡರ್, ಜೆನ್ ಇದ್ವು. ಅವುಗಳ ನಡುವೆ ಒಂದು ಸಾಧಾರಣ ಮುಖದ ಫ್ಯಾಮಿಲಿ ಸೆಡಾನ್ ಎರಡನೇ ಗೇರಲ್ಲಿ ಕೂಗ್ತಾ ಹೋದ್ರೆ ಹಾಸ್ಟೆಲ್ ಕಿಟಕಿಗಳಲ್ಲಿ ತಲೆಗಳು ಕಾಣಿಸ್ತಿದ್ವು. 2003ರಲ್ಲಿ ಹೊಸ ಆಕಾರದ ಸಿಟಿ ಬಂತು, ಅದರ ಐ-ಡಿಎಸ್‌ಐ ಇಂಜಿನ್ 77 ಬಿಎಚ್‌ಪಿಯದು. ಮೈಲೇಜ್ ಚೆನ್ನಾಗಿತ್ತು, ಜಾಗವೂ ಜಾಸ್ತಿ. ಆದ್ರೆ ನಮ್ಮಂಥವರಿಗೆ ಹೆಸರು ಮಾತ್ರ ಅದೇ ಅನಿಸ್ತು.

ಮೊದಲು ವಿಟೆಕ್ ಅಂದ್ರೇನು ಅಂತ ನೋಡೋಣ, ಮುಂದೆ ಬೇಕಾಗುತ್ತೆ. ಇಂಜಿನ್ ನಿಧಾನ ತಿರುಗುವಾಗ ಇನ್‌ಟೇಕ್ ವಾಲ್ವ್ ಸ್ವಲ್ಪ ಎದ್ದು, ಸ್ವಲ್ಪ ಹೊತ್ತು ತೆರೆದಿದ್ರೆ ಸಾಕು. ಗಾಳಿ-ಪೆಟ್ರೋಲ್ ಚೆನ್ನಾಗಿ ಬೆರೆಯುತ್ತೆ, ಐಡ್ಲಿಂಗ್ ನೆಟ್ಟಗಿರುತ್ತೆ. ಜೋರಾಗಿ ತಿರುಗುವಾಗ ಹಾಗಲ್ಲ, ಉಸಿರಾಡೋಕೆ ಸಮಯವೇ ಸಿಗಲ್ಲ, ವಾಲ್ವ್ ಹೆಚ್ಚು ಎತ್ತರ, ಹೆಚ್ಚು ಹೊತ್ತು ತೆರೆದಿರಬೇಕು. ಒಂದೇ ಆಕಾರದ ಕ್ಯಾಮ್ ಇಟ್ಟರೆ ಎರಡರಲ್ಲಿ ಒಂದನ್ನ ಬಿಟ್ಟುಕೊಡಬೇಕು. ಹೋಂಡಾದವರು ಒಂದೇ ಶಾಫ್ಟಿನ ಮೇಲೆ ಸಣ್ಣ ಉಬ್ಬು, ದೊಡ್ಡ ಉಬ್ಬು ಎರಡನ್ನೂ ಕೊಟ್ರು. ಕೆಳಗಿನ ಆರ್‌ಪಿಎಂನಲ್ಲಿ ದೊಡ್ಡ ಉಬ್ಬಿನ ರಾಕರ್ ಸುಮ್ಮನೆ ಆಡ್ತಾ ಇರುತ್ತೆ, ವಾಲ್ವಿಗೆ ಅದರ ಸಂಬಂಧ ಇಲ್ಲ. ಸಮಯ ಬಂದಾಗ ಇಸಿಯು ಒಂದು ಸೊಲೆನಾಯ್ಡ್ ತೆರೆಯುತ್ತೆ, ಇಂಜಿನ್ ಆಯಿಲ್‌ನ ಒತ್ತಡ ರಾಕರ್‌ಗಳ ಒಳಗಿನ ಪಿನ್‌ಗಳನ್ನ ತಳ್ಳುತ್ತೆ, ರಾಕರ್‌ಗಳು ಒಂದಕ್ಕೊಂದು ಬೀಗ ಹಾಕಿಕೊಂಡು ದೊಡ್ಡ ಉಬ್ಬಿನ ಹೇಳಿಕೆ ಕೇಳೋಕೆ ಶುರು ಮಾಡ್ತವೆ. ಜನ "ಒದೆಯುತ್ತೆ" ಅನ್ನೋದು ಈ ಕ್ಷಣಕ್ಕೆ. 1989ರಲ್ಲಿ ಹೋಂಡಾ ಇಂಟೆಗ್ರಾದಲ್ಲಿ ಮೊದಲು ಬಂದ ವಿಟೆಕ್ ಎರಡು ಕ್ಯಾಮ್‌ನದು, 1.6 ಲೀಟರಿಗೆ 160 ಕುದುರೆ. ನಮ್ಮ ಸಿಟಿಯದು ಅದರ ಬಡ ತಮ್ಮ, ಒಂದೇ ಕ್ಯಾಮ್, ಕರಾಮತ್ತು ಇನ್‌ಟೇಕ್ ಕಡೆ ಮಾತ್ರ.

ಇಷ್ಟು ಚಂದದ ಇಂಜಿನ್ ಇರೋದ್ರಿಂದಲೇ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನೀವು ಎತ್ತಬೇಡಿ. ಕಾರಿನ ಕೆಳಗೆ ಮಲಗಿ.

ಇಪ್ಪತ್ತೈದು ವರ್ಷದ ಕಾರಲ್ಲಿ ಇಂಜಿನ್ ಹೋಗಿದ್ರೆ ಬಿಚ್ಚಿ ಕಟ್ಟಬಹುದು. ರಿಂಗ್, ಬೇರಿಂಗ್, ವಾಲ್ವ್ ಸೀಲ್ ಎಲ್ಲಾದ್ರೂ ಸಿಗುತ್ತೆ, ಒಳ್ಳೆ ಲೇತ್‌ನವನು ಬೋರಿಂಗ್ ಮಾಡಿಕೊಡ್ತಾನೆ. ಬಾಡಿ ಹೋಗಿದ್ರೆ ಕಾರೇ ಇಲ್ಲ. ಇದು ಮಾನೊಕಾಕ್, ಪ್ರತ್ಯೇಕ ಚಾಸಿ ಅಂತ ಒಂದಿಲ್ಲ, ತಗಡೇ ಅಸ್ಥಿಪಂಜರ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಅಂಚು, ಗ್ಯಾರೇಜ್‌ನವರು ರನ್ನಿಂಗ್ ಬೋರ್ಡ್ ಅಂತಾರೆ, ನಿಜಕ್ಕೂ ಅದು ತೆಳು ತಗಡಿನ ಮುಚ್ಚಿದ ಪೆಟ್ಟಿಗೆ. ಥರ್ಡ್ ಸೆಮಿಸ್ಟರ್‌ನಲ್ಲಿ ಟಾರ್ಷನ್ ಓದಿದ್ದು ನೆನಪಿದ್ರೆ ಒಂದು ಲೆಕ್ಕ ಹಾಕಿ. ತೆಳು ಗೋಡೆಯ ದುಂಡು ಕೊಳವೆಯೊಂದನ್ನ ಉದ್ದಕ್ಕೂ ಸೀಳಿದ್ರೆ ಅದರ ತಿರುಚು ಬಿಗಿತ ಎಷ್ಟು ಪಟ್ಟು ಇಳಿಯುತ್ತೆ? ತ್ರಿಜ್ಯವನ್ನ ಗೋಡೆಯ ದಪ್ಪದಿಂದ ಭಾಗಿಸಿ, ವರ್ಗ ಮಾಡಿ, ಮೂರರಿಂದ ಗುಣಿಸಿ. ತ್ರಿಜ್ಯ 40 ಮಿಲಿಮೀಟರ್, ದಪ್ಪ 1 ಮಿಲಿಮೀಟರ್ ಇದ್ರೆ 4800 ಪಟ್ಟು! ತುಕ್ಕು ಅಷ್ಟು ನೀಟಾಗಿ ಸೀಳಲ್ಲ ಬಿಡಿ. ಆದ್ರೆ ತುಕ್ಕು ತಿಂದು ತೂತಾದ ಪೆಟ್ಟಿಗೆಯ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದವನು ಏನು ಮಾರ್ತಿದ್ದಾನೆ ಅಂತ ಈ ಲೆಕ್ಕ ತಿಳಿಸುತ್ತೆ.

ಪುಟ್ಟಿ ಪತ್ತೆ ಮಾಡೋಕೆ ಫ್ರಿಜ್ಜಿಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ಸಾಕು. ಬಣ್ಣ ಗೀರದ ಹಾಗೆ ತೆಳು ಬಟ್ಟೆ ಸುತ್ತಿ, ರನ್ನಿಂಗ್ ಬೋರ್ಡ್, ಚಕ್ರದ ಕಮಾನು, ಬಾಗಿಲ ಕೆಳಗಿನ ತುದಿ ಎಲ್ಲ ಕಡೆ ಇಟ್ಟು ನೋಡ್ತಾ ಹೋಗಿ. ತಗಡಿದ್ದಲ್ಲಿ ಕಚ್ಚುತ್ತೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರಿ ಬೀಳುತ್ತೆ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ಟ್ರೇ ಕೆಳಗೆ, ಸಸ್ಪೆನ್ಷನ್ ಮೇಲ್ತುದಿ ಕೂರುವ ಗೋಪುರ, ಜಾಕ್ ಕೊಡುವ ಜಾಗ. ತುಕ್ಕು ಶುರುವಾಗೋದು ಬಹುತೇಕ ಒಳಗಿಂದ: ನೀರು ಇಳಿದುಹೋಗೋಕೆ ಬಿಟ್ಟ ತೂತುಗಳಲ್ಲಿ ಮಣ್ಣು ಕಟ್ಟಿಕೊಳ್ಳುತ್ತೆ, ತೇವ ಅಲ್ಲೇ ನಿಲ್ಲುತ್ತೆ. ಆ ತೇವದಲ್ಲಿ ಉಪ್ಪಿದ್ರೆ ಅದು ಒಳ್ಳೆ ಎಲೆಕ್ಟ್ರೋಲೈಟ್. ಹಾಗಾಗಿ ನಂಬರ್ ಪ್ಲೇಟೂ ಒಂದು ಸಾಕ್ಷಿ. ಕೆಎ-19, ಕೆಎ-20 ಅಂದ್ರೆ ಮಂಗಳೂರು, ಉಡುಪಿ. ಕಡಲ ಗಾಳಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಕೆಎ-16, ಕೆಎ-34 ಅಂದ್ರೆ ಚಿತ್ರದುರ್ಗ, ಬಳ್ಳಾರಿ. ಅಲ್ಲಿನ ಬಿಸಿಲು ಡ್ಯಾಶ್‌ಬೋರ್ಡನ್ನ ಸೀಳುತ್ತೆ, ರಬ್ಬರನ್ನ ಒಣಗಿಸುತ್ತೆ, ಬಣ್ಣ ತಿನ್ನುತ್ತೆ, ತಗಡನ್ನ ಮಾತ್ರ ಉಳಿಸುತ್ತೆ. ನಂಗೆ ಕೇಳಿದ್ರೆ ಬಿಸಿಲಿನ ಕಾರೇ ವಾಸಿ. (ಕರಾವಳಿ ಗೆಳೆಯರು ಬೇಜಾರಾಗಬೇಡಿ, ಕಾರಿನ ಮಾತಷ್ಟೇ.)

ನಾನು ಕೊನೆಗೆ ಎರಡು ಕಾರುಗಳ ನಡುವೆ ನಿಂತಿದ್ದೆ. ಮಂಗಳೂರಿನದು ಹೊಸದಾಗಿ ಕೆಂಪು ಬಣ್ಣ ಹೊಡೆದದ್ದು, ಅಲಾಯ್ ಚಕ್ರ, ಇಂಜಿನ್ ಮುಟ್ಟಿದ್ರೆ ಸ್ಟಾರ್ಟ್, ಬೆಲೆ 2 ಲಕ್ಷ 40 ಸಾವಿರ. ಎಡಗಡೆ ರನ್ನಿಂಗ್ ಬೋರ್ಡಿನ ಅರ್ಧಕ್ಕೂ ಹೆಚ್ಚು ಉದ್ದ ಮ್ಯಾಗ್ನೆಟ್ ನಿಲ್ಲಲೇ ಇಲ್ಲ. ಇನ್ನೊಂದು ಚಿತ್ರದುರ್ಗದ್ದು, ಬೆಳ್ಳಿ ಬಣ್ಣ, ಬಾನೆಟ್ ಮೇಲಿನ ಕ್ಲಿಯರ್ ಕೋಟ್ ಸುಟ್ಟ ಚರ್ಮದ ಹಾಗೆ ಸುಲಿದಿತ್ತು, ಸೀಟು ಹರಿದಿತ್ತು. ಯಜಮಾನರು ನಿವೃತ್ತ ಮೇಷ್ಟ್ರು. "ವಿಟೆಕ್ಕು ಸತ್ತು ನಾಕು ವರ್ಷ ಆತಪ್ಪ. ನಾಲ್ಕು ಸಾವಿರದ ಮೇಲೆ ಏನೂ ಆಗಂಗಿಲ್ಲ. ಮುಚ್ಚಿಡೋದು ಏನೈತಿ" ಅಂದ್ರು. ಕೆಳಗೆ ತಗಡು ಮಾತ್ರ ಕಂಪನಿಯಿಂದ ಬಂದ ಹಾಗೇ ಇತ್ತು. 1 ಲಕ್ಷ 40 ಸಾವಿರಕ್ಕೆ ಮುಗೀತು.

ದುಡ್ಡು ಕೊಡೋ ಮುಂಚೆ ಮಾಡಿದ್ದು ಒಂದೇ ಪರೀಕ್ಷೆ, ಕಂಪ್ರೆಷನ್. ಸ್ಪಾರ್ಕ್ ಪ್ಲಗ್ ಬಿಚ್ಚಿ ಗೇಜ್ ತಿರುಗಿಸಿ, ಥ್ರಾಟಲ್ ಪೂರ್ತಿ ತುಳಿದು ಕ್ರ್ಯಾಂಕ್ ಮಾಡೋದು. ಅಂಕಿ ಎಷ್ಟಿದೆ ಅನ್ನೋದರಷ್ಟೇ ಮುಖ್ಯ ನಾಲ್ಕೂ ಸಿಲಿಂಡರ್ ಹೆಚ್ಚೂಕಮ್ಮಿ ಒಂದೇ ಇವೆಯಾ ಅನ್ನೋದು. ಒಂದು ಕಡಿಮೆ ಬಂದ್ರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಅಂಕಿ ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಸೋರ್ತಿದೆ. ನನ್ನದರಲ್ಲಿ ನಾಲ್ಕೂ ಸರಿಸಮ ಬಂದ್ವು.

ಇನ್ನು ಕಾಗದ. ಹುಡುಗರು ಇದನ್ನ ಬೋರು ಅಂತ ಬಿಡ್ತಾರೆ, ಆಮೇಲೆ ಕಾರು ಮನೆ ಮುಂದೆ ನಿಂತೇ ಕೊಳೆಯುತ್ತೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25 ಹಾಕಿ, ಕಾರನ್ನ ಆರ್‌ಟಿಒ ಮುಂದೆ ನಿಲ್ಲಿಸಿ ನವೀಕರಿಸಬೇಕು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ತಿದ್ದುಪಡಿ ಪ್ರಕಾರ 20 ವರ್ಷ ದಾಟಿದ ಕಾರಿಗೆ ಇದರ ಶುಲ್ಕ 10 ಸಾವಿರ. ರಾಜ್ಯದ ಹಸಿರು ತೆರಿಗೆ ಬೇರೆ. ಮಾರುವವರ ಆರ್‌ಸಿ ಅವಧಿ ಮುಗಿದಿದ್ರೆ ನವೀಕರಣ ಅವರ ಹೆಸರಲ್ಲೇ ಆಗಲಿ, ಆಮೇಲೆ ಫಾರಂ 29, 30 ಹಾಕಿ ನಿಮ್ಮ ಹೆಸರಿಗೆ ವರ್ಗಾಯಿಸಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ಯಾ ನೋಡಿ. ಸಾಲ ತೀರಿ ಇಪ್ಪತ್ತು ವರ್ಷ ಆಗಿದ್ರೂ ಬ್ಯಾಂಕಿನ ಫಾರಂ 35 ಇಲ್ಲದೆ ಆ ಸಾಲು ಅಳಿಯಲ್ಲ, ಅಷ್ಟರಲ್ಲಿ ಆ ಬ್ಯಾಂಕೇ ಇನ್ನೊಂದರಲ್ಲಿ ವಿಲೀನ ಆಗಿರುತ್ತೆ! ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೆ ಕೋರ್ಟ್ ಆದೇಶಗಳ ತೊಡಕು ಇರೋದ್ರಿಂದ ಅಲ್ಲಿನ ಕಾರುಗಳು ಅಗ್ಗವಾಗಿ ಕಾಣ್ತವೆ. ಅಲ್ಲಿಂದ ತಂದ್ರೆ ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್, ಹೊಸ ನಂಬರ್, ಎಲ್ಲ ಸೇರಿಸಿ ಲೆಕ್ಕ ಹಾಕಿ. "ಇದು ವಿಂಟೇಜ್ ಅಲ್ವಾ ಸಾರ್, ರಿಯಾಯಿತಿ ಇಲ್ವಾ" ಅಂತ ಒಬ್ಬ ಕೇಳಿದ. ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳೋಕೆ 50 ವರ್ಷ ದಾಟಿರಬೇಕು. ನಮ್ಮ ಸಿಟಿ ಇನ್ನೂ ಅರ್ಧ ದಾರೀಲಿದೆ.

ಈಗ ಸತ್ತ ವಿಟೆಕ್ ವಿಷಯ. ಒಬ್ಬ ಮೆಕ್ಯಾನಿಕ್ "ಹೆಡ್ ಬಿಚ್ಚಬೇಕು ಸಾರ್" ಅಂದ. ಇನ್ನೊಬ್ಬ ಇಸಿಯು ಹೋಗಿದೆ ಅಂದ. ಬಿಚ್ಚೋ ಮೊದಲು ಕಾರನ್ನೇ ಕೇಳಬಹುದು. ಆ ಕಾಲದ ಹೋಂಡಾಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಎರಡು ಪಿನ್ನಿನ ಒಂದು ಸರ್ವಿಸ್ ಕನೆಕ್ಟರ್ ಇರುತ್ತೆ. ಸಣ್ಣ ತಂತಿಯಿಂದ ಎರಡನ್ನೂ ಸೇರಿಸಿ ಇಗ್ನಿಷನ್ ಆನ್ ಮಾಡಿದ್ರೆ ಚೆಕ್ ಇಂಜಿನ್ ದೀಪ ಮಿನುಗಿ ದೋಷದ ಸಂಖ್ಯೆ ಹೇಳುತ್ತೆ. ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು. 21 ಬಂದ್ರೆ ವಿಟೆಕ್ ಸೊಲೆನಾಯ್ಡ್, 22 ಬಂದ್ರೆ ವಿಟೆಕ್ ಪ್ರೆಷರ್ ಸ್ವಿಚ್. ನನ್ನದು ಏನೂ ಹೇಳಲಿಲ್ಲ. ಒಂದು ಸಂಖ್ಯೆಯೂ ಇಲ್ಲ!

ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಇದು ಒಳ್ಳೆ ವೈವಾ ಪ್ರಶ್ನೆ. ಇಸಿಯು ಸೊಲೆನಾಯ್ಡ್ ತೆರೆದು, ಆಯಿಲ್ ಒತ್ತಡ ಬರದಿದ್ರೆ 22 ಹಾಕ್ತಿತ್ತು. ಸೊಲೆನಾಯ್ಡ್ ವೈರು ಕಡಿದಿದ್ರೆ 21 ಹಾಕ್ತಿತ್ತು. ಎರಡೂ ಇಲ್ಲ ಅಂದ್ರೆ ಒಂದೇ ಅರ್ಥ: ಇಸಿಯು ವಿಟೆಕ್ಕನ್ನ ಕೇಳ್ತಾನೇ ಇಲ್ಲ. ಯಾಕೆ ಕೇಳಲ್ಲ? ಅದಕ್ಕೆ ಆರ್‌ಪಿಎಂ ಒಂದೇ ಸಾಲದು. ಲೋಡ್, ವೇಗ, ಜೊತೆಗೆ ಕೂಲೆಂಟ್‌ನ ಬಿಸಿ ಎಲ್ಲ ನೋಡುತ್ತೆ. ತಣ್ಣಗಿನ ಇಂಜಿನ್ನಲ್ಲಿ ಆಯಿಲ್ ಗಟ್ಟಿ ಇರುತ್ತೆ, ಆಗ ಪಿನ್ ಆಡಿಸೋದು ಬೇಡ ಅನ್ನೋದು ಹೋಂಡಾದವರ ಜಾಣತನ. ನನ್ನ ಕಾರಿನ ಟೆಂಪರೇಚರ್ ಮುಳ್ಳು ಹೈವೇಯಲ್ಲಿ ಕೆಳಗೇ ಮಲಗಿರ್ತಿತ್ತು. ಹೌಸಿಂಗ್ ಬಿಚ್ಚಿ ನೋಡಿದ್ರೆ ಒಳಗೆ ಥರ್ಮೋಸ್ಟಾಟೇ ಇಲ್ಲ.

ಯಾವುದೋ ಕಾಲದಲ್ಲಿ ಯಾರೋ ಕಿತ್ತುಹಾಕಿದ್ದಾರೆ. ಇದು ನಮ್ಮ ಗ್ಯಾರೇಜುಗಳ ಹಳೇ ಚಟ: ಇಂಜಿನ್ ಬಿಸಿಯಾಗುತ್ತೆ ಅಂದ್ರೆ "ನಮ್ಮ ಬಿಸಿಲಿಗೆ ಇದು ಬೇಡ ಸಾರ್" ಅಂತ ಥರ್ಮೋಸ್ಟಾಟ್ ತೆಗೆದುಬಿಡೋದು. ಬಿಸಿಯಾಗಿದ್ದು ರೇಡಿಯೇಟರ್ ಕಟ್ಟಿಕೊಂಡಿದ್ದಕ್ಕೆ. ಈಗ ಹೈವೇಯಲ್ಲಿ ಇಂಜಿನ್ ಸರಿಯಾಗಿ ಬಿಸಿ ಏರಲ್ಲ, ಇಸಿಯು ಇನ್ನೂ ಬೆಳಗಿನ ಚಳಿ ಅಂದುಕೊಂಡು ಪೆಟ್ರೋಲ್ ಜಾಸ್ತಿ ಹಾಕುತ್ತೆ, ಮೈಲೇಜ್ ಬೀಳುತ್ತೆ, ವಿಟೆಕ್ ಬರಲ್ಲ. ಊರೊಳಗೆ ಬಿಸಿ ಇರುತ್ತೆ, ಆದ್ರೆ ಅಲ್ಲಿ ಅಷ್ಟು ಆರ್‌ಪಿಎಂಗೆ ಯಾರು ಹೋಗ್ತಾರೆ? ನಾಲ್ಕು ವರ್ಷ ಆ ಮೇಷ್ಟ್ರು ಸತ್ತಿದೆ ಅಂದುಕೊಂಡಿದ್ದ ವಿಟೆಕ್ ಸತ್ತೇ ಇರಲಿಲ್ಲ.

ಹೊಸ ಥರ್ಮೋಸ್ಟಾಟ್, ಹೊಸ ರೇಡಿಯೇಟರ್ ಹಾಕಿ ಓಡಿಸಿದೆ. ಆಗ 22 ಬಂತು. ನಂಗೆ ಖುಷಿಯಾಯ್ತು, ಜೊತೆಗಿದ್ದ ಭಾವಮೈದುನ "ಲೈಟ್ ಹತ್ತಿದ್ರೆ ಖುಷಿ ಪಡ್ತೀರಲ್ಲ ಭಾವ" ಅಂದ. ಖುಷಿ ಯಾಕಂದ್ರೆ ಇಸಿಯು ಈಗ ಕೇಳ್ತಿದೆ, ಆಯಿಲ್ ತಲುಪ್ತಿಲ್ಲ, ಅಷ್ಟೇ. ಸೊಲೆನಾಯ್ಡ್ ಕೂರುವ ಜಾಗದ ಗ್ಯಾಸ್ಕೆಟ್ಟಿನಲ್ಲಿ ಕಾಫಿ ಸೋಸೋ ಜಾಲರಿಯಂಥ ಒಂದು ಪುಟ್ಟ ಜರಡಿ ಇರುತ್ತೆ. ವರ್ಷಗಟ್ಟಲೆ ಆಯಿಲ್ ಬದಲಿಸದ ಕಾರಲ್ಲಿ ಅದರ ಮೇಲೆ ಕಪ್ಪು ಗಸಿ ಕಟ್ಟುತ್ತೆ. ಜರಡಿ ತೊಳೆದು, ಗ್ಯಾಸ್ಕೆಟ್ ಹೊಸದು ಹಾಕಿ, ಆಯಿಲ್ ಎರಡು ಸಲ ಬೇಗ ಬೇಗ ಬದಲಿಸಿದ ಮೇಲೆ ಶಿರಾ ದಾಟಿ ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ ತುಳಿದೆ. ಧ್ವನಿ ಬದಲಾಯ್ತು. ಹೆಡ್ ಬಿಚ್ಚಿದ್ರೆ ಹತ್ತಾರು ಸಾವಿರ ಹೋಗ್ತಿತ್ತು, ಕೊನೆಗೂ ವಿಟೆಕ್ ಬರ್ತಿರಲಿಲ್ಲ.

ಆದ್ರೆ ಈ ಕೆಲಸವನ್ನ ನಾನು ಕೈಗೆತ್ತಿಕೊಂಡಿದ್ದು ಎರಡು ಕೆಲಸ ಮುಗಿದ ಮೇಲೆ. ಮೊದಲನೇದು ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲಿನ ಮಿತಿ 155. ಘಾಟಿ ಇಳಿಯುವಾಗ ಕುದಿದ್ರೆ ಪೆಡಲ್ ನೆಲಕ್ಕೆ ಹೋಗುತ್ತೆ. ನನ್ನ ಕಾರಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಕ್ಯಾಲಿಪರ್ ಸೀಲ್, ರಬ್ಬರ್ ಪೈಪು, ಮಾಸ್ಟರ್ ಸಿಲಿಂಡರ್ ಎಲ್ಲ ಹೊಸದು. ಟೈರಲ್ಲಿ ಥ್ರೆಡ್ ಎಷ್ಟೇ ಇರಲಿ, ಪಕ್ಕದಲ್ಲಿ ನಾಲ್ಕಂಕಿ ಓದಿ: 2314 ಅಂದ್ರೆ 2014ರ 23ನೇ ವಾರದ್ದು. ಅಂಥದ್ದನ್ನ ಕಣ್ಮುಚ್ಚಿ ಎಸೆಯಿರಿ.

ಎರಡನೇದು ಟೈಮಿಂಗ್ ಬೆಲ್ಟ್. ಇದು ಇಂಟರ್‌ಫಿಯರೆನ್ಸ್ ಇಂಜಿನ್, ಬೆಲ್ಟ್ ಕಡಿದ್ರೆ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತೆ. ಬೆಲ್ಟಿಗೆ ಕಿಲೋಮೀಟರ್ ಜೊತೆ ವಯಸ್ಸೂ ಆಗುತ್ತೆ. ಬದಲಿಸಿದ ದಾಖಲೆ ಇಲ್ಲ ಅಂದ್ರೆ ಬದಲಿಸಿಲ್ಲ ಅಂತಲೇ ಲೆಕ್ಕ. ವಾಟರ್ ಪಂಪನ್ನ ತಿರುಗಿಸೋದೂ ಇದೇ ಬೆಲ್ಟ್, ಹಾಗಾಗಿ ಪಂಪ್, ಟೆನ್ಷನರ್, ಆಯಿಲ್ ಸೀಲ್ ಎಲ್ಲ ಒಟ್ಟಿಗೇ ಮಾಡಿಸಿ, ಮಜೂರಿ ಒಂದೇ ಸಲ ಹೋಗುತ್ತೆ.

ಇಸಿ ವಿಭಾಗದವರಿಗೂ ಒಂದು ಕೆಲಸ ಇದೆ. ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದ ಕಾರು ಕ್ರ್ಯಾಂಕ್ ಆಗುತ್ತೆ, ಸ್ಟಾರ್ಟ್ ಆಗಲ್ಲ. ಸಂಜೆ ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್. ಪೆಟ್ರೋಲ್ ಪಂಪ್ ಬದಲಿಸಿ ಅಂತಾರೆ. ಆ ಕಾಲದ ಹೋಂಡಾಗಳ ಹೆಸರಾಂತ ರೋಗ ಇದು, ಮೇನ್ ರಿಲೇ. ಒಳಗಿನ ಬೋರ್ಡಿನ ಸೋಲ್ಡರ್ ಜಾಯಿಂಟ್ ಬಿಸಿ-ತಣ್ಣಗೆ ಆಗಿ ಆಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ, ಬಿಸಿಗೆ ಸಂಪರ್ಕ ತಪ್ಪುತ್ತೆ. ಬಿಚ್ಚಿ, ಲೆನ್ಸ್ ಹಿಡಿದು ನೋಡಿ, ಮತ್ತೆ ಸೋಲ್ಡರ್ ಮಾಡಿದ್ರೆ ಮುಗೀತು. ನಿಮ್ಮ ಲ್ಯಾಬ್‌ನ ಸೋಲ್ಡರಿಂಗ್ ಐರನ್ ಸಾಕು.

ದುಡ್ಡಿನ ಮಾತು. ಕೊಂಡ ಬೆಲೆ ಬಿಟ್ಟು ಹದಿನಾಲ್ಕು ತಿಂಗಳಲ್ಲಿ 2 ಲಕ್ಷ 85 ಸಾವಿರ ಖರ್ಚಾಗಿದೆ, ಅದರ ದೊಡ್ಡ ಪಾಲು ರಬ್ಬರಿಗೆ: ಇಂಜಿನ್ ಮೌಂಟ್, ಸಸ್ಪೆನ್ಷನ್ ಬುಷ್, ಹೋಸ್, ಬಾಗಿಲ ಬೀಡಿಂಗ್. ವೇಗಕ್ಕೆ ಅಂತ ಒಂದು ರೂಪಾಯಿ ಹಾಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಓಡೋ ಭಾಗಗಳು ಬಹಳಷ್ಟು ಸಿಗ್ತವೆ. ದೀಪ, ಟ್ರಿಮ್ಮು, ಬಾಗಿಲ ಹಿಡಿ ಬೇಕಂದ್ರೆ ಶಿವಾಜಿನಗರದ ಗುಜರಿ ಗಲ್ಲಿ ಸುತ್ತಬೇಕು. ಅಲ್ಲಿ ಒಂದು ಸಿಟಿ ಕತ್ತರಿಸಿದ್ದಾರೆ ಅಂದ್ರೆ ಇನ್ನೊಂದು ಸಿಟಿ ಬದುಕುತ್ತೆ, ಹಾಗಿದೆ ಈಗಿನ ಪರಿಸ್ಥಿತಿ. ಅದಕ್ಕೇ ಒಳ್ಳೆ ತಗಡಿನ ಕಾರು ಸಿಕ್ಕಿದ್ರೆ ಅದನ್ನ ಪ್ರಯೋಗಕ್ಕೆ ಕತ್ತರಿಸಬೇಡಿ. ಹೊರದೇಶದ ಇಂಜಿನ್ ಕೂರಿಸಬೇಕು ಅನ್ನೋ ಆಸೆ ಇದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿ. ಆರ್‌ಸಿಯಲ್ಲಿರೋ ಇಂಜಿನ್ ನಂಬರೂ ಬ್ಲಾಕಿನ ಮೇಲಿನ ನಂಬರೂ ಬೇರೆಯಾದ್ರೆ ನವೀಕರಣದ ದಿನ ಕಾರು ಅಲ್ಲೇ ಉಳಿಯುತ್ತೆ.

ಬಂಕಿನಲ್ಲಿ ಈಗ ಸಿಗೋದು ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. 2001ರ ಕಾರಿನ ರಬ್ಬರನ್ನ ಇದಕ್ಕೆ ಅಂತ ಮಾಡಿಲ್ಲ. ಹಳೇ ಹೋಸ್ ಉಬ್ಬಿ ಮೆತ್ತಗಾಗಬಹುದು, ಎಥೆನಾಲ್ ನೀರು ಹೀರೋದ್ರಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ತುಕ್ಕೂ ಬರಬಹುದು. ಟ್ಯಾಂಕಿನಿಂದ ಇಂಜೆಕ್ಟರ್‌ವರೆಗೆ ಎಲ್ಲ ರಬ್ಬರ್ ಪೈಪನ್ನೂ ಎಥೆನಾಲ್ ತಡೆಯುವ ದರ್ಜೆಯದಕ್ಕೆ ಬದಲಿಸಿದೆ, ಫಿಲ್ಟರ್ ಹೊಸದು, ಕಾರನ್ನ ವಾರಕ್ಕೊಮ್ಮೆಯಾದ್ರೂ ಓಡಿಸ್ತೀನಿ. ಪೆಟ್ರೋಲ್ ವಾಸನೆ ಮೂಗಿಗೆ ಬಂದ ದಿನ ಎಷ್ಟೇ ಅರ್ಜೆಂಟ್ ಇದ್ರೂ ಕೀ ತಿರುಗಿಸಬಾರದು.

ಬಣ್ಣ ಇನ್ನೂ ಮಾಡಿಸಿಲ್ಲ. ಬಾನೆಟ್ ಇವತ್ತಿಗೂ ಚಿತ್ರದುರ್ಗದ ಬಿಸಿಲು ತಿಂದ ಹಾಗೇ ಇದೆ. ಮುಂದಿನ ಮಳೆಗಾಲದೊಳಗೆ ರನ್ನಿಂಗ್ ಬೋರ್ಡಿನ ಒಳಗೆ ಮೇಣದ ಲೇಪ ಹೊಡೆಸಬೇಕು, ನೀರಿನ ತೂತು ಒಮ್ಮೆ ಕೆದಕಿ ತೆಗೀಬೇಕು, ಬಣ್ಣ ಅದಾದ ಮೇಲೆ. ಯಾರಾದ್ರೂ ಕೊಳ್ಳೋಕೆ ಹೊರಟಿದ್ರೆ ಕರೀರಿ, ಶನಿವಾರ ಬಿಡುವಿದ್ರೆ ಬರ್ತೀನಿ. ಕಂಪ್ರೆಷನ್ ಗೇಜ್ ನನ್ನ ಹತ್ರ ಇದೆ.